ಪುಟ ತೆರೆದರೆ ಪೂರಿ ಮಳೆ

ಪುಟ ತೆರೆದ ಕೂಡಲೇ ಮೇಲಿನಿಂದ ಪೂರಿ ಉದುರಬೇಕು, ಉದುರಿದ್ದು ಪಟಪಟ ಒಡೆಯಬೇಕು, ನೀರು ಚಿಮ್ಮಿ ಅಂಗಡಿಯ ಹೆಸರು ಮೂಡಬೇಕು. ತಿಂಡಿಯ ಪಟ್ಟಿ ಆಮೇಲೆ! ಊರಿಗಾಮಿನ ಕಲ್ಪನ ಜಾವಾಸ್ಕ್ರಿಪ್ಟ್ ಕಲಿತ ಹೊಸದು, ಕೈ ಸುಮ್ಮನಿರಬೇಕಲ್ಲ. ಬಂಗಾರಪೇಟೆ ಸ್ಟೇಷನ್ ಎದುರು ಪಾನಿಪೂರಿ ಮಾರುವ ಸೋದರಮಾವ ಮುನಿನಾರಾಯಣಪ್ಪನಿಗೆ ಅವಳು ಮಾಡಿಕೊಟ್ಟ ಮೊದಲ ವೆಬ್‌ಸೈಟ್ ಅದು.

ಯೋಚನೆಯೇನೋ ಚೆನ್ನಾಗಿತ್ತು. ಸಂಜೆ ರೈಲಿನವರು ಟೇಕಲ್ ದಾಟಿದ ಮೇಲೆ ಮೊಬೈಲಿನಲ್ಲೇ ಆರ್ಡರ್ ಮಾಡಿದರೆ, ಬಂಗಾರಪೇಟೆಯಲ್ಲಿ ಪೊಟ್ಟಣ ಕಿಟಕಿಗೇ ಬರುತ್ತದೆ. ಶನಿವಾರದೊಳಗೆ ಒಂದಾದರೂ ಆರ್ಡರ್ ಬರದಿದ್ದರೆ ವೆಬ್‌ಸೈಟನ್ನೇ ಮುಚ್ಚಿಬಿಡಬೇಕೆಂದು ಅತ್ತೆ ಮುನಿಗಂಗಮ್ಮ ತೀರ್ಪು ಕೊಟ್ಟಿದ್ದಳು. ಶುಕ್ರವಾರವಾದರೂ ಒಂದೂ ಇಲ್ಲ. ಆದರೂ ಕಲ್ಪನ ಬೀಗುತ್ತಿದ್ದಳು. ಪುಟ ಮುನ್ನೂರು ಸಲ ತೆರೆದಿದೆಯೆಂದು ಎಣಿಕೆ ತೋರಿಸುತ್ತಿತ್ತು.

"ಜನ ಮುಗಿಬಿದ್ದು ನೋಡ್ತಾವ್ರೆ ಅತ್ತೆ."

"ನೋಡಿದ್ರೆ ಆಯ್ತೇನೆ? ಒಟ್ಟೆಗಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವು!"

ಅಂದು ಸಂಜೆ ಬಂಗಾರಪೇಟೆ ದಾಟಿ ಊರಿಗಾಮಿಗೆ ಹೋಗಲು ಮಾಲೂರಿನಲ್ಲಿ ರೈಲು ಹತ್ತಿದ ಕಲ್ಪನಳಿಗೆ ಹಸಿವೋ ಹಸಿವು. ಟೇಕಲ್ ದಾಟುತ್ತಲೇ ತನ್ನದೇ ಪುಟ ತೆರೆದಳು. ಅಂಗಡಿಯ ವೈಫೈನಲ್ಲಿ ಚೆಂದ ಸುರಿಯುತ್ತಿದ್ದ ಪೂರಿ ಇಲ್ಲಿ ಒಂದು ಉದುರಿ, ಅರ್ಧ ದಾರಿಯಲ್ಲೇ ನಿಂತಿತು. ನೆಟ್ ಸಿಕ್ಕರೆ ತಾನೇ! ಬಂಗಾರಪೇಟೆ ಬಂದಾಗ ಮೂರನೆಯದು ಒಡೆಯುತ್ತಿತ್ತು. ಪಕ್ಕದ ಹೆಂಗಸು ಮುನಿನಾರಾಯಣಪ್ಪನಿಗೆ ನೇರ ಫೋನ್ ಮಾಡಿದ್ದಳು; ಪೊಟ್ಟಣ ಕಿಟಕಿಗೆ ಬಂತು, ಕಲ್ಪನಳ ಕಣ್ಣೆದುರೇ ಕರಂಕುರುಂ ತಿಂದಳು. ರೈಲು ಹೊರಟಿತು. ಕಲ್ಪನಳ ಪೂರಿ ಇನ್ನೂ ಉದುರುತ್ತಲೇ ಇತ್ತು. ಅವಳಿಗೆ ಅಳುವೂ ಬಂತು, ತನ್ನ ಮೇಲೆ ಸಿಟ್ಟೂ ಬಂತು.

ಮನೆ ಸೇರಿದವಳೇ ಎಲ್ಲ ಕಿತ್ತೆಸೆದಳು. ತೆರೆದ ತಕ್ಷಣ ತಿಂಡಿಯ ಪಟ್ಟಿ. ಆರ್ಡರ್ ಆದ ಮೇಲೆ ಒಂದೇ ಒಂದು ಪೂರಿ, ಅಷ್ಟೇ. ರೈಲಿನವರ ವಾಟ್ಸಾಪ್ ಗುಂಪಿಗೆ ಪುಟದ ಲಿಂಕ್ ಇನ್ನೊಮ್ಮೆ ಕಳಿಸಿದಳು.

ಶನಿವಾರ ಸಂಜೆ ಕಲ್ಪನ ಅಂಗಡಿಯಲ್ಲಿದ್ದಾಗಲೇ ನಾಲ್ಕು ಆರ್ಡರ್ ಬಂದವು. ಮುನಿಗಂಗಮ್ಮ ಪೊಟ್ಟಣ ಹಿಡಿದು ಪ್ಲಾಟ್‌ಫಾರ್ಮಿಗೆ ಓಡಿದಳು. ಮುನಿನಾರಾಯಣಪ್ಪ ಮಾತ್ರ ಮೊಬೈಲ್ ಹಿಡಿದು ಮುಖ ಊದಿಸಿಕೊಂಡು ಕೂತಿದ್ದ.

"ನನ್ ಪೂರಿ ಮಳೆ ಎಲ್ಲೋಯ್ತೆ?"

"ಯಾಕೆ ಮಾವ?"

"ಅಂಗ್ಡಿಗೆ ಬಂದೋರಿಗೆಲ್ಲ ತೆಗ್ದು ತೋರಿಸ್ತಿದ್ದೆ ಕಣೆ, ದಿನಕ್ಕೆ ಐವತ್ತು ಸಲ. ನಮ್ಮುಡುಗಿ ಮಾಡಿದ್ದು ಅಂತ."

ಮುನ್ನೂರು ಜನ ಯಾರೆಂದು ಕಲ್ಪನಳಿಗೆ ಆಗ ತಿಳಿಯಿತು. ನಗು ಬಂತು.

"ಒಂದು ಆರ್ಡರ್ ಮಾಡು ಮಾವ, ಉದುರ್ತದೆ."

ಮುನಿನಾರಾಯಣಪ್ಪ ತನ್ನ ಅಂಗಡಿಯಲ್ಲಿ ತಾನೇ ಒಂದು ಪ್ಲೇಟ್ ಆರ್ಡರ್ ಮಾಡಿ, ಆ ಒಂಟಿ ಪೂರಿ ಬೀಳುವುದನ್ನು ಬಾಯಿ ಬಿಟ್ಟುಕೊಂಡು ನೋಡಿದ.