ಚೆಲ್ಲದೆ ಉಳಿದ ರಕ್ತ

ನಾನು ಒಂದು ಸೂಕ್ಷ್ಮದರ್ಶಕ. ಅಷ್ಟುದ್ದದ ಹೆಸರು ಬಾಯಿಗೆ ಹೊರಳದಿದ್ದರೆ ಮೈಕ್ರೋಸ್ಕೋಪ್ ಅನ್ನಿ, ನನಗೇನೂ ಸಿಟ್ಟಿಲ್ಲ. ಹುಟ್ಟಿದ್ದು ದೂರದ ಅಂಬಾಲಾದ ಒಂದು ಕಾರ್ಖಾನೆಯಲ್ಲಿ. ಗಾಜು ಉಜ್ಜಿ ಉಜ್ಜಿ ನನಗೆ ಕಣ್ಣು ಕೊಟ್ಟವನ ಮುಖವನ್ನು ಮಾತ್ರ ನಾನು ಕಾಣಲಿಲ್ಲ. ನನ್ನದೇನಿದ್ದರೂ ಸಣ್ಣ ವಸ್ತುಗಳ ವ್ಯವಹಾರ.

ಮೊದಲು ಧಾರವಾಡದ ಒಂದು ಕಾಲೇಜಿಗೆ ಬಂದೆ. ಈರುಳ್ಳಿ ಸಿಪ್ಪೆ ತೋರಿಸಿ ತೋರಿಸಿ ಸಾಕಾಗಿಹೋಯಿತು. ಆಮೇಲೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಡಾಕ್ಟರ್ ಪರಿಮಳಾ ಅಂಗಡಿ ನನ್ನನ್ನು ತಮ್ಮ ಪ್ರಯೋಗಾಲಯಕ್ಕೆ ತಂದು ಹೊಸ ದೀಪ ಹಾಕಿಸಿದರು. ಅಬ್ಬಾ, ಅಲ್ಲಿಂದ ನನ್ನ ಗತ್ತೇ ಬೇರೆ!

ಕೆಲಸವೂ ಬೇರೆಯಾಯಿತು. ಕ್ಯಾನ್ಸರ್ ಗಡ್ಡೆ ತೆಗೆಯುವಾಗ ಅದರ ಜೀವಕೋಶಗಳು ಒಮ್ಮೊಮ್ಮೆ ಕಳಚಿ ರಕ್ತಕ್ಕೆ ಸೇರುತ್ತವೆ. ಆಪರೇಷನ್ ನಡೆಯುವಾಗಲೇ ರಕ್ತ ತೆಗೆದು, ಬಣ್ಣ ಹಾಕಿ ನನ್ನ ಕೆಳಗಿಟ್ಟರೆ ಆ ಕಳ್ಳರು ಹಸಿರಾಗಿ ಹೊಳೆದು ಸಿಕ್ಕಿಬೀಳುತ್ತಾರೆ.

ಒಂದು ದಿನ ಬಂದದ್ದು ಬಸ್ ಕಂಡಕ್ಟರ್ ಕಸ್ತೂರಿಯ ರಕ್ತ. ಹೊಟ್ಟೆಯ ಗಡ್ಡೆ ತೆಗೆಸಿಕೊಂಡು ವಾರ್ಡಿನಲ್ಲಿ ಮಲಗಿದ್ದಳು. ರಕ್ತದಲ್ಲಿ ಕಳ್ಳರು ಕಂಡರೆ ಕಠಿಣ ಔಷಧ ಶುರು. ಸೊರಗಿ ಕಡ್ಡಿಯಾಗಿದ್ದ ಆ ಮೈ ಅದನ್ನು ತಡೆದುಕೊಳ್ಳುವುದೇ ಅನುಮಾನವಾಗಿತ್ತು.

ಪರಿಮಳಾ ನನ್ನೊಳಗೆ ಇಣುಕಿದರು. ಕಂಡವು! ಹಸಿರು ಚುಕ್ಕೆಗಳು, ಒಂದಲ್ಲ, ಹಲವು. ಅವರ ರೆಪ್ಪೆ ನನ್ನ ಗಾಜಿಗೆ ತಾಗಿ ಅದುರಿತು. 

"ಅಂದ್ರ ಔಷಧ ಸುರು ಮಾಡೂಣೇನ್ರಿ?" ಬಾಗಿಲಲ್ಲಿ ನಿಂತ ಸರ್ಜನ್ ಬೆಳವಡಿಯವರು ಕೇಳಿದರು.

"ಸ್ವಲ್ಪ ತಡೀರಿ ಸರ್."

ತಿರುಪು ತಿರುಗಿತು. ಚುಕ್ಕೆಗಳು ಚಪ್ಪಟೆಯಾಗಿದ್ದವು, ನಡುವಿನ ಕೋಶಕೇಂದ್ರ ಪುಟ್ಟದು; ಕ್ಯಾನ್ಸರಿನದಾದರೆ ಅದು ಉಬ್ಬಿ ದೊಡ್ಡದಾಗಿರಬೇಕಿತ್ತು. ಸೂಜಿ ಚುಚ್ಚಿದಾಗ ಚರ್ಮದ ಕೋಶಗಳು ಸೂಜಿಯೊಳಗೆ ಬಂದುಬಿಡುತ್ತವೆ; ಅವೂ ಹೀಗೇ ಹಸಿರಾಗಿ ಹೊಳೆಯುತ್ತವೆ. ಅದಕ್ಕೇ ಮೊದಲ ಟ್ಯೂಬಿನ ರಕ್ತವನ್ನು ಚೆಲ್ಲಿ ಎರಡನೆಯದನ್ನು ಮಾತ್ರ ಕಳಿಸಬೇಕೆಂದು ನಿಯಮ. ಪರಿಮಳಾ ಆಪರೇಷನ್ ಥಿಯೇಟರಿನ ನರ್ಸ್ ದಾನಮ್ಮನನ್ನು ಕರೆಸಿದರು.

"ಮೊದಲ್ನೇ ಟ್ಯೂಬು ಚೆಲ್ಲಿದ್ರಿಲ್ಲೋ?"

ದಾನಮ್ಮನ ಮುಖ ಇಳಿಯಿತು. "ಹೆಂಗ ಚೆಲ್ಲೂದ್ರೀ ಮೇಡಂ? ಆಕೀಗೆ ಮೊದ್ಲ ರಕ್ತ ಕಡಿಮಿ. ಮನಸ್ಸ ಬರ್ಲಿಲ್ರಿ. ಎರಡೂ ಕಳ್ಸೀನಿ. ಬಿಳಿ ಪಟ್ಟಿ ಹಚ್ಚಿದ್ದು ಮೊದಲ್ನೇದ್ರಿ."

ಎರಡೂ ಒಂದೇ ಅಂದುಕೊಂಡು ಪರಿಮಳಾ ಪರೀಕ್ಷಿಸಿದ್ದು ಬಿಳಿ ಪಟ್ಟಿಯದನ್ನೇ. ಸಿಟ್ಟು ನೆತ್ತಿಗೇರಿದರೂ ಬೈಯಲು ಪುರುಸೊತ್ತು ಯಾರಿಗಿತ್ತು? ಎರಡನೆಯ ಟ್ಯೂಬು ಫ್ರಿಜ್ಜಿನಲ್ಲೇ ಇತ್ತು. ಮತ್ತೆ ಬಣ್ಣ, ಮತ್ತೆ ಕಾಯುವುದು. ಬೆಳವಡಿಯವರು ಕೂರಲಿಲ್ಲ. ದಾನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಗೋಡೆಗೆ ಒರಗಿದ್ದಳು.

ಗಾಜಿನ ಪಟ್ಟಿ ನನ್ನ ಕೆಳಗೆ ಬಂತು. ಮೂಲೆಯಿಂದ ಮೂಲೆಗೆ ಸರಿಯಿತು. ಕತ್ತಲು. ಒಂದೆಡೆ ಏನೋ ಮಿನುಗಿತು! ಪರಿಮಳಾ ಮತ್ತೆ ತಿರುಪಿಗೆ ಕೈಹಾಕಿದರು. ನೋಡಿದರೆ, ಹಾಳಾದ್ದು, ಧೂಳಿನ ಎಳೆ. ಮತ್ತೆ ಬರೀ ಕತ್ತಲು, ಕೊನೆಯವರೆಗೂ.

"ಇಲ್ರೀ ಸರ್," ಅಂದರು ಪರಿಮಳಾ. ಔಷಧದ ಮಾತು ಅಲ್ಲಿಗೇ ನಿಂತಿತು. ದಾನಮ್ಮ ಅಳುವುದಕ್ಕೆ ಶುರುಮಾಡಿದಳು.

ಈಗ ಎಲ್ಲವನ್ನೂ ತಾನೇ ಎಣಿಸುವ ಕಂಪ್ಯೂಟರ್ ಯಂತ್ರ ಬಂದಿದೆ. ನನ್ನ ದೀಪ ಬಿಚ್ಚಿ, ಪ್ಲಾಸ್ಟಿಕ್ ಹೊದಿಸಿ ಕಪಾಟಿನ ಮೂಲೆಗೆ ಸೇರಿಸಿದ್ದಾರೆ. ಹೊಟ್ಟೆಕಿಚ್ಚಿಲ್ಲ ಅಂದರೆ ಸುಳ್ಳಾಗುತ್ತದೆ. ಬದುಕಿಡೀ ಕಂಡದ್ದನ್ನು ತೋರಿಸಿದವನು ನಾನು. ಆದರೂ ಏನೂ ತೋರಿಸದ ಆ ದಿನವೇ ನನಗೆ ಪದೇ ಪದೇ ನೆನಪಾಗುತ್ತದೆ.

ಮೊನ್ನೆ ತಪಾಸಣೆಗೆ ಬಂದ ಕಸ್ತೂರಿ ಖಾಕಿಯಲ್ಲೇ ಒಳಗೆ ಬಂದಳು. ಮೈ ಕೈ ತುಂಬಿಕೊಂಡಿದ್ದಳು.

"ನನ್ನ ರಕ್ತಾ ನೋಡಿದ್ದು ಇದರಾಗೇನ್ರಿ ಮೇಡಂ?" ಎಂದವಳೇ ಹೊದಿಕೆ ಸರಿಸಿ ಕಣ್ಣಿಟ್ಟಳು. "ಅಯ್ಯ, ಬರೀ ಕತ್ತಲಿ ಐತಿ. ಏನೂ ಕಾಣವಲ್ದಲ್ರೀ!"

"ಅವತ್ತೂ ಹಂಗ ಇತ್ತು ನೋಡವಾ," ಅಂದರು ಪರಿಮಳಾ.

ಕಸ್ತೂರಿ ಕಣ್ಣು ತೆಗೆಯಲಿಲ್ಲ. ಬಹಳ ಹೊತ್ತು ಆ ಕತ್ತಲನ್ನೇ ನೋಡುತ್ತ ನಿಂತಳು.