ಏಳನೇ ಬುಟ್ಟಿ

ವಿಶ್ವಾರಾಧ್ಯ ರಶ್ಮಿಯನ್ನು ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಅವಳ ಮೊದಲ ಗಂಡ ತೀರಿಕೊಂಡು ಮೂರು ವರ್ಷ. ಆ ಮದುವೆಯ ಮಗಳು, ಒಂಬತ್ತು ವರ್ಷದ ಹೇಮಶ್ರೀ, ವಿನೋಬನಗರದ ಈ ಮನೆಗೆ ಬಂದಾಗಿನಿಂದ ಅವನನ್ನು ಅಂಕಲ್ ಎಂದೇ ಕರೆಯುತ್ತಿದ್ದಳು. ಅವನು ಕೋಣೆಗೆ ಬಂದರೆ ಬರೆಯುತ್ತಿದ್ದ ನೋಟ್‌ಬುಕ್ ಮುಚ್ಚುತ್ತಿದ್ದಳು. ಅವನು ತಂದ ತಿಂಡಿಯನ್ನು ಅಮ್ಮನ ಮುಖ ನೋಡಿಯೇ ಬಾಯಿಗಿಡುತ್ತಿದ್ದಳು.

ಭದ್ರಾವತಿಯ ನ್ಯೂ ಟೌನಿನಲ್ಲಿ ಡಿಸ್ಕ್ ಗಾಲ್ಫ್ ಮೈದಾನ ಶುರುವಾಗಿದೆಯೆಂದು ಶಾಲೆಯಿಂದ ಸುದ್ದಿ ತಂದವಳು ಅವಳೇ. ಆ ಭಾನುವಾರ ರಶ್ಮಿಗೆ ಬೆಳಿಗ್ಗೆಯೇ ಲ್ಯಾಬಿನಲ್ಲಿ ಡ್ಯೂಟಿ.

"ನಾನು ಕರ್ಕೊಂಡು ಹೋಗ್ಲಾ?" ಎಂದು ವಿಶ್ವಾರಾಧ್ಯ ಕೇಳಿದ.

"ಊಟದ ಹೊತ್ತಿಗೆ ವಾಪಸ್ ಬರ್ಬೇಕು," ಎಂದಳು ಹೇಮಶ್ರೀ.

ಉಕ್ಕಿನ ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಸಾಲಿನ ಹಿಂದೆ, ಮರಗಳ ನಡುವೆ ಒಂಬತ್ತು ಕಬ್ಬಿಣದ ಬುಟ್ಟಿಗಳನ್ನು ನಿಲ್ಲಿಸಿದ್ದರು. ಪ್ರತಿ ಬುಟ್ಟಿಯ ಮೇಲೂ ಸರಪಳಿಗಳು ಜೋತಾಡುತ್ತಿದ್ದವು. ದೂರದಿಂದ ಎಸೆದ ತಟ್ಟೆಯಂಥ ಡಿಸ್ಕ್ ಸರಪಳಿಗೆ ಬಡಿದು ಬುಟ್ಟಿಯೊಳಗೆ ಬೀಳಬೇಕು. ಕಡಿಮೆ ಎಸೆತದಲ್ಲಿ ಎಲ್ಲ ಬುಟ್ಟಿ ಮುಗಿಸಿದವರು ಗೆದ್ದಂತೆ. ಹೆಸರು ಬರೆದುಕೊಂಡು ಡಿಸ್ಕ್ ಕೊಡುತ್ತಿದ್ದವರು ಸುಬ್ಬಪ್ಪ, ಕಾರ್ಖಾನೆಯಿಂದ ರಿಟೈರ್ ಆದವರು.

"ಅಪ್ಪನ ಜೊತೆ ಬಂದ್ಯಾ ಪುಟ್ಟಿ?"

"ಅಪ್ಪ ಅಲ್ಲ. ಅಂಕಲ್."

ಸುಬ್ಬಪ್ಪನವರ ಪೆನ್ನು ನಿಂತಿತು. "ಯಾವ ಅಂಕಲ್? ಅಪ್ಪನ ಕಡೆಯೋರಾ, ಅಮ್ಮನ ಕಡೆಯೋರಾ?"

"ಅಮ್ಮನ ಕಡೆ."

ಮನೆಯ ಕತೆಯನ್ನೆಲ್ಲ ಗುರುತಿಲ್ಲದವರ ಮುಂದೆ, ಅದೂ ಮಗುವಿನೆದುರು, ಬಿಡಿಸಿ ಹೇಳಲು ವಿಶ್ವಾರಾಧ್ಯನಿಗೆ ನಾಲಗೆ ಏಳಲಿಲ್ಲ. ಸುಮ್ಮನೆ ಡಿಸ್ಕ್ ತೆಗೆದುಕೊಂಡ. ಸುಮ್ಮನಿದ್ದದ್ದೇ ತಪ್ಪಾಯಿತು. ಎರಡನೇ ಬುಟ್ಟಿಯ ಹೊತ್ತಿಗೆ ಸುಬ್ಬಪ್ಪ ಇಪ್ಪತ್ತು ಮಾರು ಹಿಂದೆ ನಿಂತಿದ್ದರು. ಮೂರನೆಯದಕ್ಕೆ ಹೋದರೆ ಅಲ್ಲಿಯೂ ಹಾಜರು, ಒಣ ಕೊಂಬೆ ಎತ್ತಿಹಾಕುವ ನೆಪದಲ್ಲಿ.

ಹೇಮಶ್ರೀಯ ಎಸೆತ ಪ್ರತಿ ಸಲವೂ ಬಲಕ್ಕೆ ಹೋಗುತ್ತಿತ್ತು. ಮಣಿಕಟ್ಟು ತಿರುಗಿಸುವುದನ್ನು ತೋರಿಸಲು ಅವಳ ಕೈ ಹಿಡಿಯಹೋದವನು, ಬೆನ್ನ ಮೇಲೆ ಆ ಕಣ್ಣುಗಳಿರುವುದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡ. ದೂರದಿಂದಲೇ ತೋರಿಸಿದ. ಈ ಹುಡುಗಿ ಬೇಕೆಂದೇ ಅಮ್ಮನ ಕಡೆಯ ಅಂಕಲ್ ಎಂದಳೇ ಎಂಬ ಅನುಮಾನ ಅವನಿಗೂ ಹತ್ತಿತು. ಅವಳು ಒಮ್ಮೆ ಅವನನ್ನು, ಒಮ್ಮೆ ಸುಬ್ಬಪ್ಪನವರನ್ನು ನೋಡುತ್ತಿದ್ದಳು.

ಏಳನೇ ಬುಟ್ಟಿಯಲ್ಲಿ ಅವಳ ಡಿಸ್ಕ್ ಲಂಟಾನ ಪೊದೆಯ ಆಚೆ, ಬಾಗಿಲು ಕಿತ್ತುಹೋದ ಒಂದು ಖಾಲಿ ಮನೆಯ ಪಕ್ಕಕ್ಕೆ ಬಿತ್ತು.

"ಬಾ, ಇಬ್ರೂ ಹುಡುಕೋಣ," ಎಂದು ಅವನು ಹೊರಟದ್ದೇ ತಡ, ಸುಬ್ಬಪ್ಪ ಅಡ್ಡ ಬಂದರು.

"ಮಗು ಇಲ್ಲೇ ಇರ್ಲಿ. ನೀವ್ಯಾರು, ಅದನ್ನ ಹೇಳಿ ಮೊದ್ಲು."

"ಇವಳ ಅಮ್ಮನ ಗಂಡ ಕಣ್ರೀ ನಾನು."

"ಅಮ್ಮನ ಗಂಡ, ಆದ್ರೆ ಅಪ್ಪ ಅಲ್ಲ. ಚೆನ್ನಾಗಿದೆ ಮಾರಾಯ್ರೆ!"

ವಿಶ್ವಾರಾಧ್ಯ ರಶ್ಮಿಗೆ ಫೋನ್ ಮಾಡಿದ. ಎರಡು ಸಲ ರಿಂಗಾಗಿ ನಿಂತಿತು. ಮದುವೆಯ ಫೋಟೋ ತೆಗೆದು ತೋರಿಸಿದ.

"ಇದ್ರಲ್ಲಿ ಮಗು ಎಲ್ಲಿದೆ?"

ಮದುವೆಯ ದಿನ ಹೇಮಶ್ರೀ ಬರುವುದಿಲ್ಲವೆಂದು ಹಟ ಹಿಡಿದು ಅಜ್ಜಿಯ ಮನೆಯಲ್ಲಿ ಉಳಿದಿದ್ದಳು. ಬೇರೆ ಫೋಟೋ ಹುಡುಕಿದ. ನಾಲ್ಕು ತಿಂಗಳಲ್ಲಿ ಅವಳದೊಂದು ಫೋಟೋವನ್ನೂ ತಾನು ತೆಗೆದಿಲ್ಲವೆಂದು ಅವನಿಗೆ ಆಗ ಗೊತ್ತಾಯಿತು. ಆಡುತ್ತಿದ್ದ ಮೂರ್ನಾಲ್ಕು ಜನ ಸುತ್ತ ನೆರೆದರು. ಪೊಲೀಸರಿಗೆ ಹೇಳಿ ಎಂದರು ಒಬ್ಬರು. ಹುಡುಗಿಯ ಒಂದು ಮಾತು ಸಾಕಿತ್ತು. ಆದರೆ ಹೇಳು ಎಂದು ತಾನೇ ಕೇಳಿದರೆ ಹೆದರಿಸಿದಂತಾಗುತ್ತದೆಂದು ಬಾಯಿ ಮುಚ್ಚಿಕೊಂಡ.

ಸುಬ್ಬಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. "ಹೆದರ್ಬೇಡ ಪುಟ್ಟಿ. ಇವ್ರ ಜೊತೆ ಮನೆಗೆ ಹೋಗ್ಬೇಕಾ, ಬೇಡ್ವಾ?"

ಹೇಮಶ್ರೀ ವಿಶ್ವಾರಾಧ್ಯನತ್ತ ಒಮ್ಮೆ ನೋಡಿದಳು. "ಇವ್ರು ನಮ್ಮನೇಲೇ ಇರೋದು," ಎಂದಳು. "ಅಮ್ಮಂಗೆ ಡ್ಯೂಟಿ ಇದ್ರೆ ಜಡೆ ಹಾಕ್ತಾರೆ. ಹಾಕಕ್ಕೆ ಬರಲ್ಲ. ಆದ್ರೂ ಹಾಕ್ತಾರೆ. ನೋಡಿ."

ತಿರುಗಿ ನಿಂತು ತೋರಿಸಿದಳು. ಒಂದು ಜಡೆ ಕಿವಿಯ ಮೇಲಿತ್ತು, ಇನ್ನೊಂದು ಕತ್ತಿನ ಹತ್ತಿರ. ಯಾರೋ ನಕ್ಕರು. ಸುಬ್ಬಪ್ಪ ನಗಲಿಲ್ಲ.

ಅಷ್ಟರಲ್ಲಿ ರಶ್ಮಿಯೇ ಫೋನ್ ಮಾಡಿದಳು. ಸುಬ್ಬಪ್ಪ ಫೋನ್ ಇಸಿದುಕೊಂಡು ಮಗುವಿನ ಹುಟ್ಟಿದ ತಾರೀಕು, ಶಾಲೆ, ಟೀಚರ್ ಹೆಸರು ಎಲ್ಲ ಕೇಳಿದರು. ಆಮೇಲೆ ಅದನ್ನೇ ಹೇಮಶ್ರೀಯನ್ನೂ ಕೇಳಿದರು. ಎರಡೂ ತಾಳೆಯಾದ ಮೇಲೆ ಫೋನ್ ವಾಪಸು ಕೊಟ್ಟರು.

"ಬೇಜಾರಾಗಿರುತ್ತೆ ನಿಮ್ಗೆ. ನಾಳೆ ಬೇರೆಯೋರು ಬಂದ್ರೂ ಹಿಂಗೇ ಕೇಳ್ತೀನಿ."

ಬೈಯಬೇಕೆಂದು ಕಾದಿದ್ದ ವಿಶ್ವಾರಾಧ್ಯನ ಬಾಯಿಂದ, "ಕೇಳಿ," ಎಂದಷ್ಟೇ ಬಂತು.

ಡಿಸ್ಕ್ ಸಿಕ್ಕಿತು. ಎಂಟನೇ ಬುಟ್ಟಿಯ ಕಡೆ ನಡೆಯುವಾಗ ಹೇಮಶ್ರೀ, "ನಾನು ಸುಳ್ಳು ಹೇಳ್ಲಿಲ್ಲ," ಎಂದಳು.

"ಇಲ್ಲ, ಹೇಳ್ಲಿಲ್ಲ."

"ಆ ತಾತ ನನ್ನ ಪೊಲೀಸ್ ಸ್ಟೇಷನ್‌ಗೆ ಕರ್ಕೊಂಡು ಹೋಗಿದ್ರೆ ಏನ್ ಮಾಡ್ತಿದ್ರಿ?"

"ನಿಮ್ಮಮ್ಮ ಬರೋ ತನಕ ಹಿಂದೆ ಹಿಂದೇನೇ ಬರ್ತಿದ್ದೆ."

"ಬೈದು ಕಳ್ಸಿದ್ರೆ?"

"ಬೈಸ್ಕೊಂಡು ಬರ್ತಿದ್ದೆ."

ಅವಳು ಅವನ ಮುಖ ನೋಡಿದಳು. ಪೂರ್ತಿ ನಂಬಿದಂತೆ ಕಾಣಲಿಲ್ಲ. ಡಿಸ್ಕ್ ಹಿಡಿದ ಕೈಯನ್ನು ಅವನತ್ತ ಚಾಚಿ, "ಆಗ್ಲೇ ತೋರ್ಸಕ್ಕೆ ಬಂದ್ರಲ್ಲ, ಹೆಂಗೆ ತಿರುಗಿಸ್ಬೇಕು?" ಎಂದಳು.