ಬೇವಿನ ಕಷಾಯ

ಇಂಪನ ದೋಸೆಯನ್ನು ನಾಲ್ಕು ಭಾಗ ಮಾಡಿ ಒಂದನ್ನು ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಪಕ್ಕದ ಮನೆಯಲ್ಲಿ ರೇಷ್ಮೆ ಹುಳ ಸಾಕುವ ಗಂಗಾಲಕ್ಷ್ಮಿ ಕಿರುಚಿದಳು.

"ಉಳಿದದ್ದು ಎಷ್ಟು?" ಎಂದ ಕದಿರೇಶ.

"ಮುಕ್ಕಾಲು. ಅಪ್ಪಾ, ಆಂಟಿ ಯಾಕೆ ಕೂಗಿದ್ರು?"

"ಮುಕ್ಕಾಲು ಅನ್ನೋದನ್ನ ಬೇರೆ ಹೇಗೆ ಹೇಳಬಹುದು?"

ಗೋಡೆಯಾಚೆ ಕೂಗು ಈಗ ಮಾತಾಯಿತು. "ಹುಳ ಹೋದ್ವು! ಎಲ್ಲಾ ಹೋದ್ವಲ್ಲೋ ದೇವುಡಾ!"

ಕದಿರೇಶ ದೋಸೆಯ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ. ಪಾಠದ ನಡುವೆ ಎದ್ದು ಹೋಗುವುದು ಅವನ ಪದ್ಧತಿಯಲ್ಲ. ಆದರೆ ಗಂಟೆ ಹೊಡೆದಾಗ ಏಳುವುದು ಶಾಲೆಯ ಪದ್ಧತಿ, ಮನಸ್ಸು ಎದ್ದಾಗ ಏಳುವುದು ತನ್ನ ಪದ್ಧತಿ ಎಂದು ಅವನೇ ಹೇಳಿದ್ದ. ಹೀಗಾಗಿ ಯಾವುದು ಮಾಡಿದರೂ ಅದು ಪದ್ಧತಿಯೇ ಆಗುತ್ತಿತ್ತು.

ಕೋಲಾರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಅವನು ವಿಜ್ಞಾನದ ಮೇಷ್ಟ್ರಾಗಿದ್ದ. ಮ್ಯಾನೇಜ್‌ಮೆಂಟಿನ ಜೊತೆ ಜಗಳವಾಡಿ ಬಿಟ್ಟ. ಬಿಟ್ಟ ಮೇಲೆ ಶಾಲೆ ಎಂಬುದು ಮಕ್ಕಳನ್ನು ಕೊಲ್ಲುವ ಜಾಗ ಎಂದು ಹೊಳೆಯಿತು. ಅಲ್ಲಿದ್ದಾಗ ತಾನು ಎಷ್ಟು ಕಿವಿ ಹಿಂಡಿದ್ದೆ ಎಂಬುದು ಮಾತ್ರ ಹೊಳೆಯಲಿಲ್ಲ. ಮಗಳನ್ನು ಮೂರನೇ ಕ್ಲಾಸಿನಿಂದ ಬಿಡಿಸಿಕೊಂಡು ಸುಗಟೂರಿಗೆ ಬಂದು ಮನೆ ಮಾಡಿದ. ಹೆಂಡತಿ ದಿವ್ಯ ದಿನಾ ಬಸ್ಸು ಹಿಡಿದು ಕೋಲಾರದ ಸೊಸೈಟಿ ಬ್ಯಾಂಕಿಗೆ ಹೋಗಿ ಬರುತ್ತಿದ್ದಳು. ಅವನು ಕಲಿಸುತ್ತಿದ್ದ.

ಇದೇ ಊರಿನಲ್ಲಿ ಸ್ಕೂಲಿಗೆ ಹೋಗದೆ ಸೊಪ್ಪು ಕೊಯ್ಯುವ ಮಕ್ಕಳಿಗೆ ಶಾಲೆ ಬಿಟ್ಟವರು ಅಂತ ಹೆಸರು. ಇಂಪನ ಸೊಪ್ಪು ಕೊಯ್ದರೆ ಅದು ಪ್ರಾಜೆಕ್ಟು.

"ಅಪ್ಪಾ," ಎಂದಳು ಇಂಪನ. ಬಾಯಲ್ಲಿದ್ದುದನ್ನು ನುಂಗಿರಲಿಲ್ಲ. "ನಾವು ಆಚೆಮೊನ್ನೆ ಆಂಟಿ ಸೊಪ್ಪಿಗೆ ಹೊಡೆದ್ವಲ್ಲ."

"ಏನು?"

"ಕಷಾಯ."

ಬೇವಿನ ಬೀಜ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಸೋಪಿನ ನೀರು ಬೆರೆಸಿ ಅಪ್ಪ ಮಗಳು ಕಷಾಯ ಮಾಡಿದ್ದರು. ಹಿತ್ತಲಿನ ಬದನೆ ಗಿಡಕ್ಕೆ ಹೊಡೆದು ಇನ್ನೂ ಉಳಿದಿತ್ತು. ಬೇಲಿಯಾಚೆ ಗಂಗಾಲಕ್ಷ್ಮಿ ರೇಷ್ಮೆ ಹುಳಕ್ಕೆ ಹಾಕುವ ಹಿಪ್ಪುನೇರಳೆಯ ಎಲೆಗಳು ಮುದುಡಿ, ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಹುಳ ಕೂತಿತ್ತು. "ಅವರಿಗೂ ಹೊಡಿ ಪುಟ್ಟಾ. ಹೇಳಬೇಡ. ಹೇಳದೆ ಮಾಡಿದ್ದೇ ಸಹಾಯ" ಎಂದಿದ್ದ ಕದಿರೇಶ. ಹುಡುಗಿ ಸಾಲು ಬಿಡದೆ ಹೊಡೆದಳು. ಅವನು ವಿಡಿಯೊ ಮಾಡಿದ. ಮಕ್ಕಳನ್ನು ಮನೆಯಲ್ಲೇ ಓದಿಸುವವರ ವಾಟ್ಸಾಪ್ ಗುಂಪಿಗೆ ಹಾಕಿದಾಗ ಹೃದಯಗಳ ಸುರಿಮಳೆಯಾಯಿತು.

"ಅದು ಬೇವು. ಬೇವು ಅಂದ್ರೆ ಔಷಧಿ, ವಿಷ ಅಲ್ಲ."

"ಹುಳ ಸಾಯ್ಲಿ ಅಂತ ತಾನೇ ಹೊಡೆದಿದ್ದು?"

"ಹೂಂ."

"ಇವೂ ಹುಳಾನೇ ಅಲ್ವಾ?"

ಎರಡು ವರ್ಷದಲ್ಲಿ ಅವಳು ತಾನಾಗಿ ಕಟ್ಟಿದ ಮೊದಲನೇ ತರ್ಕ ಇದು. ವಿಡಿಯೊ ಮಾಡಬೇಕಾದ್ದು ಇದನ್ನೇ. ಅವನಿಗೆ ಮಗಳ ಕೆನ್ನೆಗೆ ಹೊಡೆಯಬೇಕೆನಿಸಿತು.

"ತಿನ್ನು" ಎಂದು ಎದ್ದ.

ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನ ತಟ್ಟೆ ಇತ್ತು. ಹೊರಗಿನ ಸೋಂಕು ಹುಳಕ್ಕೆ ತಗಲಬಾರದೆಂದು ಒಳಗೆ ಹೋಗುವವರೆಲ್ಲ ಅದರಲ್ಲಿ ಕಾಲು ಅದ್ದಬೇಕು. ಕದಿರೇಶ ಎರಡೂ ಕಾಲನ್ನು ಶ್ರದ್ಧೆಯಿಂದ ಅದ್ದಿ ಒಳಗೆ ಹೋದ.

ಹುಳ ಪೊರೆ ಬಿಡುವ ನಿದ್ದೆಗೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪಿಗೆ ಬಿದ್ದರೆ ಮೇಯುವ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಈಗ ಗಂಗಾಲಕ್ಷ್ಮಿಯ ಮೂಗಿನ ಉಸಿರು ಕೇಳಿಸುತ್ತಿತ್ತು. ಹುಳಗಳು ಅರ್ಧ ಪೊರೆ ಬಿಟ್ಟು ಅಲ್ಲೇ ಕಪ್ಪಾಗಿದ್ದವು. ಪೊರೆ ಬಿಟ್ಟವು ತಲೆ ಎತ್ತಿ ಹಸಿರು ನೀರು ಕಕ್ಕುತ್ತಿದ್ದವು. ಸೊಪ್ಪು ಹಾಕಿದ ಹಾಗೇ ಇತ್ತು.

ಅವಳು ಅಳುತ್ತಿರಲಿಲ್ಲ. ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಿದ್ದಳು. ಇಡೀ ಊರಿನಲ್ಲಿ ಈ ಮನೆಯೊಳಗೆ ಅವಳು ಬಿಟ್ಟುಕೊಂಡಿದ್ದ ಹೊರಗಿನ ಜೀವ ಇಂಪನ ಒಬ್ಬಳೇ.

"ಪಾಪುಗೆ ತೋರಿಸ್ಬೇಡಿ ಮೇಷ್ಟ್ರೇ. ಎದರ್ಕೊಂತಾಳೆ" ಎಂದಳು.

ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಗಂಗಾಲಕ್ಷ್ಮಿಯ ಗಂಡನ ಅಣ್ಣ ಚನ್ನರಾಯಪ್ಪ ಕಾಲು ಅದ್ದದೆ ಒಳಗೆ ಬಂದ.

"ನಾನು ಏಳ್ಲಿಲ್ವಾ ಕಣಮ್ಮಾ? ಅವನು ಟೊಮೇಟೊಗೆ ಒಡ್ಯೋ ಔಷಧಿ ಒಂದಿನ ನಿನ್ನ ಸೊಪ್ಪಿನ ಮೇಲೆ ಬೀಳ್ತದೆ ಅಂತ ಏಳ್ಲಿಲ್ವಾ? ಗಾಳಿ ಯಾವ ಕಡೆ ಬೀಸ್ತಾ ಐತೆ ನೋಡು."

ಅವನು ಎಂದರೆ ಲತೀಫ್. ಹಿಪ್ಪುನೇರಳೆ ತೋಟದ ಪಕ್ಕಕ್ಕೆ, ಕದಿರೇಶನ ಕಿಟಕಿಯ ಎದುರಿಗೇ ಇದ್ದ ಚನ್ನರಾಯಪ್ಪನ ಜಮೀನನ್ನೇ ಗುತ್ತಿಗೆಗೆ ಹಿಡಿದು ಟೊಮೇಟೊ ಬೆಳೆಯುತ್ತಿದ್ದ. ಆ ಜಾಗವನ್ನು ಸೈಟು ಮಾಡುವವರು ಕಾರಿನಲ್ಲಿ ಬಂದು ನೋಡಿಕೊಂಡು ಹೋಗಿದ್ದು ಊರಿಗೆಲ್ಲ ಗೊತ್ತಿತ್ತು. ಕದಿರೇಶನಿಗೂ ಗೊತ್ತಿತ್ತು.

"ಮೇಷ್ಟ್ರೇ, ನೀವು ಓದಿರೋರು. ನೀವೇ ಏಳಿ. ಔಷಧಿ ಗಾಳೀಲಿ ಬರ್ತದೋ ಇಲ್ವೋ?"

ಇಂಥ ಪ್ರಶ್ನೆ ಕೇಳಿದರೆ ವಿಜ್ಞಾನದವನು ಏನು ಹೇಳಬೇಕು? ನಿಜ ಹೇಳಬೇಕು.

"ಬರೋ ಸಾಧ್ಯತೆ ಇರುತ್ತೆ" ಎಂದ ಕದಿರೇಶ.

"ಕೇಳಿದ್ಯಾ?" ಎಂದ ಚನ್ನರಾಯಪ್ಪ, ತಮ್ಮನ ಹೆಂಡತಿಗೆ. "ಮೇಷ್ಟ್ರೇ ಏಳ್ಬಿಟ್ರು."

ಹೊರಗೆ ಬಂದಾಗ ದಿವ್ಯಳ ಫೋನು.

"ತಿಂಡಿ ಆಯ್ತಾ?"

"ಆಯ್ತು."

"ನಮ್ಮ ಬ್ಯಾಂಕಿನ ಹಿಂದಿನ ಸ್ಕೂಲಲ್ಲಿ ಸೀಟು ಇದೆಯಂತೆ."

"ಈಗ ಯಾಕೆ ಆ ಮಾತು?"

"ಈಗ ಬೇಡ ಅಂದ್ರೆ ಯಾವಾಗ? ನಾನು ಬಾಯ್ಮುಚ್ಕೊಂಡು ಇರೋದು ಒಂದೇ ಕಾರಣಕ್ಕೆ. ನೀವು ಚೆನ್ನಾಗಿ ಹೇಳಿಕೊಡ್ತಿದ್ದೀರ ಅಂತ. ಒಂದು ತಪ್ಪಾದ್ರೂ ಮಾರನೇ ದಿನ ಅವಳಿಗೆ ಯೂನಿಫಾರಂ ಹೊಲಿಸ್ತೀನಿ. ಅಲ್ಲೇನು ಗಲಾಟೆ?"

"ಯಾರದೋ ಹುಳ ಸತ್ತಿದೆ."

"ಗಂಗಕ್ಕಂದಾ? ಅಯ್ಯೋ. ಯಾಕಂತೆ?"

"ಗೊತ್ತಿಲ್ಲ."

ಫೋನಿಟ್ಟು ವಿಡಿಯೊ ತೆಗೆದ. ಹುಡುಗಿ ನಗುತ್ತಾ ಹೊಡೆಯುತ್ತಿದ್ದಳು. ತನ್ನದೇ ಧ್ವನಿ ಹಿಂದಿನಿಂದ ಶಹಬ್ಬಾಸ್ ಎನ್ನುತ್ತಿತ್ತು. ಅಳಿಸಲು ಹೋದರೆ ತನಗೆ ಮಾತ್ರ ಅಳಿಸಬಹುದು ಎಂದು ಫೋನು ತೋರಿಸಿತು. ಎಲ್ಲರಿಗೂ ಅಳಿಸುವ ಗಡುವು ಮುಗಿದಿತ್ತು. ತನಗೆ ಮಾತ್ರ ಅಳಿಸಿಕೊಂಡ.

ಮಧ್ಯಾಹ್ನ ಲತೀಫನೇ ಹುಡುಕಿಕೊಂಡು ಬಂದ. ಬಾಗಿಲ ಒಳಗೆ ಕಾಲಿಡಲಿಲ್ಲ. ಕೈಗೆ ಟೊಮೇಟೊ ಎಲೆಯ ಹಸಿರು ಕರೆ ಹಿಡಿದಿತ್ತು.

"ಮೇಷ್ಟ್ರೇ, ನಿಮ್ ಕಿಟಕಿ ನಮ್ ತೋಟಕ್ಕೇ ಓಪನ್ ಆಗೋದು. ಈ ವಾರ ನಾನು ಬೆನ್ನಿಗೆ ಪಂಪು ಹಾಕಿದ್ದು ನೋಡಿದ್ರಾ? ಹಣ್ಣು ಕೀಳೋ ಟೈಮಲ್ಲಿ ಔಷಧಿ ಹೊಡೆಯೋಕೆ ನಾನೇನು ದೀವಾನಾನಾ, ತಲೆ ಕೆಟ್ಟಿದ್ಯಾ?"

"ನಾನು ಅಷ್ಟು ಗಮನಿಸಿಲ್ಲ ಲತೀಫ್."

"ಗಮನಿಸಿಲ್ವಾ?" ಲತೀಫ್ ಒಂದು ಗಳಿಗೆ ಅವನ ಮುಖವನ್ನೇ ನೋಡಿದ. "ಮೊನ್ನೆ ನೀವೇ ಕಿಟಕೀಲಿ ನಿಂತು ಅಂದ್ರಲ್ಲ ಸಾರ್. ಏನಪ್ಪಾ ಲತೀಫ್, ನಿನ್ನ ಪಂಪಿನ ಸದ್ದೇ ಇಲ್ಲ, ಬುದ್ಧಿ ಬಂತೇನು ಅಂತ. ನಾನು ನಕ್ಕೆ. ಮನೇಲಿ ಶಕೀಲಾಗೂ ಹೇಳಿ ನಗಿಸ್ದೆ."

"ಯಾವಾಗಲೋ ಅಂದಿರಬಹುದು."

"ಮೊನ್ನೆ ಸಾರ್."

"ಇರಬಹುದು."

"ಅಷ್ಟು ಬಂದು ಹೇಳಿ ಸಾಕು. ಚನ್ನರಾಯಪ್ಪನವರ ಮುಂದೆ. ಬೇರೇನೂ ಬೇಡ."

"ನೋಡಿ ಲತೀಫ್, ಊರಿನ ವಿಷಯ. ನಾನು ಹೊರಗಿನವನು."

"ನೀವು ಹೊರಗಿನವರಾ?" ಎಂದ ಲತೀಫ್. "ನಮ್ಮ ಅಜ್ಜನ ಅಜ್ಜನ ಗೋರಿ ಇಲ್ಲೇ ಐತೆ. ಅಲ್ಲಿ ನಿಂತ್ಕೊಂಡು ನನ್ನೂ ಹಂಗೇ ಅಂತಾವ್ರೆ."

ಅವನು ಹೋದ ಮೇಲೆ ನೋಡಿದರೆ ಇಂಪನ ಒಳಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಲತೀಫ್ ಮಾಮ ಹೊಡೆದಿಲ್ಲ ಅಲ್ವಾ ಅಪ್ಪಾ?"

"ಹೊಡೆದಿರಬಹುದು. ನಾವು ನೋಡಿಲ್ಲ."

"ನಾವು ಹೊಡೆದಿದ್ದು ನೋಡಿದ್ದೀವಲ್ಲ."

"ಇಂಪೂ, ಇಲ್ಲಿ ಕೇಳು. ಒಂದು ಕಾರ್ಯಕ್ಕೆ ನೂರು ಕಾರಣ ಇರುತ್ತೆ. ಸೆಕೆ ಇರಬಹುದು, ರೋಗ ಇರಬಹುದು, ಮೊಟ್ಟೆಯೇ ಕೆಟ್ಟದ್ದಿರಬಹುದು. ಸಾಕ್ಷಿ ಇಲ್ಲದೆ ತೀರ್ಮಾನಕ್ಕೆ ಬರಬಾರದು. ಅದೇ ವಿಜ್ಞಾನ."

"ಮತ್ತೆ ಚನ್ನರಾಯಪ್ಪ ತಾತ ತೀರ್ಮಾನಕ್ಕೆ ಬಂದಿದ್ದಾರಲ್ಲ?"

"ಅವರು ಓದಿಲ್ಲ."

ಹುಡುಗಿ, "ಆಂಟಿಗೆ ನಾನು ಹೇಳ್ಲಾ?" ಎಂದಳು.

"ಹೇಳಿದ್ರೆ ಆಂಟಿ ನಿನ್ನನ್ನ ಯಾವತ್ತೂ ಒಳಗೆ ಬಿಡಲ್ಲ."

ಇದು ಬಾಯಿಂದ ಬಂದ ಮೇಲೆ ಕದಿರೇಶನಿಗೆ ತಾನು ಆ ಹೈಸ್ಕೂಲಿನಲ್ಲಿ ಬೆತ್ತ ಹಿಡಿದಾಗಲೂ ಇಷ್ಟು ಗುರಿಯಿಟ್ಟು ಯಾವ ಮಗುವಿಗೂ ಹೊಡೆದಿರಲಿಲ್ಲ ಎನಿಸಿತು. ಇಂಪನಳ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಅಂಗಡಿಯವನು ಷಟರ್ ಎಳೆದಂತೆ, ಸದ್ದು ಮಾತ್ರ ಇರಲಿಲ್ಲ. ಅವಳು ಮತ್ತೆ ಪ್ರಶ್ನೆ ಕೇಳಲಿಲ್ಲ. ಅವನಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ಅಸಹ್ಯವೂ ಆಯಿತು. ಆದರೆ ಅಸಹ್ಯಕ್ಕಿಂತ ಹಾಯೇ ಹೆಚ್ಚಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಟೊಮೇಟೊ ತೋಟದ ಕಡೆಯಿಂದ ಜನರ ಸದ್ದು ಬಂತು. ಕಿಟಕಿ ಮುಚ್ಚಲು ಹೋದವನು ಮುಚ್ಚಲಾಗದೆ ಹೊರಗೆ ನಡೆದ. ಇಂಪನ ಹೇಳದೆಯೇ ಹಿಂದೆ ಬಂದಳು.

ಚನ್ನರಾಯಪ್ಪನ ಕಡೆಯವರು ಸಾಲಿಗೆ ನಾಲ್ಕಾರು ಜನ ನಿಂತು ಗಿಡದ ಆಸರೆಗೆ ನೆಟ್ಟ ಕಡ್ಡಿ ಕೀಳುತ್ತಿದ್ದರು. ಗಿಡ ಕಡ್ಡಿಯ ಜೊತೆಗೇ ಹರಿದು ಬರುತ್ತಿತ್ತು. ಕೆಂಪಾಗುತ್ತಿದ್ದ ಹಣ್ಣು ಕಾಲ ಕೆಳಗೆ ಪಚಕ್ಕೆನ್ನುತ್ತಿತ್ತು. ಲತೀಫ್ ಬದುವಿನ ಮೇಲೆ ಕೂತಿದ್ದ. ತಡೆಯಲು ಹೋಗಿ ಬಿದ್ದಿದ್ದನೇನೋ, ಅಂಗಿಯ ಒಂದು ಬದಿ ಕೆಸರಾಗಿತ್ತು. ಗಂಗಾಲಕ್ಷ್ಮಿ ದೂರದಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ನಿಲ್ಲಿಸಿ ಎನ್ನಲೂ ಇಲ್ಲ, ಕೀಳಿ ಎನ್ನಲೂ ಇಲ್ಲ.

"ಬನ್ನಿ ಮೇಷ್ಟ್ರೇ, ಬನ್ನಿ" ಎಂದ ಚನ್ನರಾಯಪ್ಪ. "ರಾತ್ರಿ ಒಳಗೆ ನೆಲ ಕಾಣ್ಬೇಕು."

ಕದಿರೇಶ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. ತಾನು ಕೀಳುತ್ತಿಲ್ಲ ಎಂಬುದನ್ನು ಎಲ್ಲರೂ ಗಮನಿಸಲಿ ಎಂಬಂತೆ ನೆಟ್ಟಗೆ ನಿಂತ. ಯಾರೂ ಗಮನಿಸಲಿಲ್ಲ.

ಆಗ ಇಂಪನ ಒಮ್ಮೆ ಗಂಗಾಲಕ್ಷ್ಮಿಯ ಕಡೆ ನೋಡಿ, ಅವನ ಪಕ್ಕದಿಂದ ಕದಲಿ ಸಾಲಿಗೆ ಇಳಿದಳು. ಕೊನೆಯ ಗಿಡದ ಮುಂದೆ ಮಂಡಿಯೂರಿದಳು. ಉಳಿದವರ ಹಾಗೆ ಎಳೆಯಲಿಲ್ಲ. ಹಿತ್ತಲಿನ ಬದನೆ ಸಸಿಗೆ ಅಪ್ಪ ಕಲಿಸಿದ್ದ ಹಾಗೆ, ಬುಡದ ಮಣ್ಣನ್ನು ಬೆರಳಿನಿಂದ ಸುತ್ತಲೂ ಸಡಿಲಿಸಿ, ಕಾಂಡದ ಕೆಳಗೆ ಕೈಯಿಟ್ಟು, ಒಂದು ಬೇರೂ ಹರಿಯದ ಹಾಗೆ ಮೇಲೆತ್ತಿದಳು. ಮಣ್ಣು ಕೊಡವಿದಳು. ಗಿಡವನ್ನು ನೆಲದ ಮೇಲೆ ನೇರವಾಗಿ ಮಲಗಿಸಿದಳು.

ಕೀಳುತ್ತಿದ್ದವರಲ್ಲಿ ಒಬ್ಬ, "ಏನ್ ನೀಟಾಗಿ ಕೀಳ್ತಾಳ್ಲಾ ಮೇಷ್ಟ್ರ ಮಗಳು" ಎಂದು ನಕ್ಕ. ಲತೀಫ್ ಗಂಡಸರನ್ನೆಲ್ಲ ಬಿಟ್ಟು ಆ ಮಗುವನ್ನೇ ನೋಡುತ್ತಿದ್ದ.

ಬಿಡು ಇಂಪೂ ಎನ್ನಬೇಕು. ಎನ್ನಲು ಬಾಯಿ ತೆರೆದ. ಯಾಕೆ ಬಿಡಬೇಕು ಎಂದು ಯಾರಾದರೂ ಕೇಳಿದರೆ ಕಾರಣ ಹೇಳಬೇಕಾಗುತ್ತದೆ.

ಮಗಳು ತಲೆಯೆತ್ತಿ ಅಪ್ಪನ ಕಡೆ ನೋಡಿದಳು. ಸರಿಯಾಯಿತೇ ಎಂದು ಕೇಳುವ ನೋಟ. ಅವನ ಬಾಯಿ ತೆರೆದೇ ಇತ್ತು. ಅವಳು ಸ್ವಲ್ಪ ಹೊತ್ತು ಕಾದು, ಮಂಡಿಯಲ್ಲೇ ಸರಿದು, ಮುಂದಿನ ಗಿಡದ ಬುಡಕ್ಕೆ ಬೆರಳು ಇಳಿಸಿದಳು.